ಎದೆಯ ಇಂಪ್ಲಾಂಟ್ ಹತ್ತು ವರ್ಷಕ್ಕೆ ತೆಗೀಲೇಬೇಕಾ ಅಂತ ಕೇಳಿದ್ದಕ್ಕೆ

ಹಲೋ, ಕೇಳ್ತಾ ಇದ್ಯಾ ಕೂಸೇ? ನಾನು ದೊಡ್ಡಮ್ಮ. ಟೈಪ್ ಮಾಡೋಕೆ ಕೂತರೆ ನಾಳೆ ಬೆಳಗಾಗ್ತದೆ, ಅದಕ್ಕೆ ಬಾಯಲ್ಲೇ ಹೇಳಿ ಕಳಿಸ್ತಾ ಇದ್ದೇನೆ. ಉದ್ದ ಆಗ್ತದೆ, ದೋಸೆ ಎರೀತಾ ಕೇಳಿ. ಆದ್ರೆ ಸ್ಪೀಕರಿಗೆ ಹಾಕಬೇಡಿ ಮಾರಾಯ್ತಿಯರೇ, ಮನೆಯಲ್ಲಿ ಮಾಣಿಗಳಿರ್ತಾರೆ. ಹವ್ಯಕದಲ್ಲಿ ಮಾತಾಡಿದ್ರೆ ಧಾರವಾಡದಿಂದ ಬಂದ ನಮ್ಮ ಸೊಸೆಗೆ ಅರ್ಧ ತಿಳಿಯೋದಿಲ್ಲ, ಹಾಗಾಗಿ ಪೇಟೆ ಕನ್ನಡದಲ್ಲೇ ಹೇಳ್ತೇನೆ. ಹಿಂದೆ ಗಡಗಡ ಅಂತ ಕೇಳಿದ್ರೆ ಅದು ತಗಡಿನ ಮೇಲೆ ಮಳೆ.

ನಿನ್ನೆ ರಾತ್ರಿ ನೀನು ನಮ್ಮ ಗ್ರೂಪಿನಲ್ಲಿ ಹಾಕಿದ್ದು ಓದಿದೆ. ಕುಮಟಾದಲ್ಲಿ ನಿಮ್ಮ ಅತ್ತೆಯವರಿಗೆ ಎದೆಯ ಕ್ಯಾನ್ಸರ್ ಆಪರೇಷನ್ ಆಗಿ, 2014ರಲ್ಲಿ ಇಂಪ್ಲಾಂಟ್ ಹಾಕಿದ್ದು, ಅಂದ್ರೆ ಎದೆಯ ಆಕಾರಕ್ಕೆ ಅಂತ ಒಳಗೆ ಇಡೋ ಸಿಲಿಕಾನ್ ಅಥವಾ ಉಪ್ಪುನೀರಿನ ಚೀಲ. ಈಗ ಯಾರೋ ಅವರಿಗೆ ಫಾರ್ವರ್ಡ್ ಕಳಿಸಿದ್ದಾರೆ, ಹತ್ತು ವರ್ಷಕ್ಕೆ ಅದರ ಎಕ್ಸ್‌ಪೈರಿ, ಆಮೇಲೆ ಒಳಗೇ ಒಡೆದು ವಿಷ ಏರ್ತದೆ ಅಂತ. ಅವರು ಮೂರು ದಿನದಿಂದ ಸರಿಯಾಗಿ ಊಟ ಮಾಡ್ತಿಲ್ಲ ಅಂದೆ. ಮೊದಲು ಒಂದು ಮಾತು: ಇದನ್ನ ಗ್ರೂಪಿನಲ್ಲಿ ಹಾಕಿದ್ದು ಅವರಿಗೆ ಗೊತ್ತುಂಟಾ? ಇಲ್ಲದಿದ್ರೆ ಇವತ್ತೇ ಹೇಳಿಬಿಡು. ನನಗೂ ಅದೇ ಆಪರೇಷನ್ ಆದದ್ದು ಊರಿಗೇ ಗೊತ್ತು, ನನಗೆ ನಾಚಿಕೆ ಇಲ್ಲ. ಅವರದ್ದು ಹಾಗಲ್ಲ.

ಈಗ ನಿನ್ನ ಪ್ರಶ್ನೆ. ಹತ್ತು ವರ್ಷ ಆಯ್ತು ಅನ್ನೋ ಒಂದೇ ಕಾರಣಕ್ಕೆ ತೆಗೀಬೇಕಾಗಿಲ್ಲ. ಔಷಧಿ ಬಾಟಲಿಯ ಮೇಲೆ ಇರ್ತದಲ್ಲ, ಇಂಥಾ ತಿಂಗಳ ನಂತರ ಬಳಸಬೇಡಿ ಅಂತ, ಅಂಥಾ ತಾರೀಕು ದೇಹದ ಒಳಗೆ ಹೋದ ಇಂಪ್ಲಾಂಟಿಗೆ ಇಲ್ಲ. ಆದ್ರೆ ಸಾಯೋತನಕ ಬಾಳಿಕೆ ಬರ್ತದೆ ಅಂತಲೂ ಇಲ್ಲ. ಅಪ್ಪೆಮಿಡಿ ಭರಣಿಗೆ ನಾವು ಎಕ್ಸ್‌ಪೈರಿ ಬರೀತೇವಾ? ಮಧ್ಯ ಮಧ್ಯ ಬಟ್ಟೆ ಬಿಚ್ಚಿ ನೋಡ್ತೇವೆ. ಸರಿ ಇದ್ರೆ ಮತ್ತೆ ಕಟ್ಟಿ ಇಡ್ತೇವೆ. ಇಲ್ಲೂ ಹಾಗೇ. ಅವರು ಕೇಳಬೇಕಾದ್ದು "ತೆಗೀಲಾ" ಅಂತಲ್ಲ, "ಕೊನೆಗೆ ನೋಡಿಸಿದ್ದು ಯಾವಾಗ" ಅಂತ.

ಈ ಹತ್ತು ವರ್ಷದ ಲೆಕ್ಕ ಎಲ್ಲಿಂದ ಬಂತು ಅಂತ ನಾನೂ ಡಾಕ್ಟರ ಹತ್ತಿರ ಕೆದಕಿ ಕೇಳಿದ್ದೆ. ವರ್ಷ ಹೋದ ಹಾಗೆ ತೊಂದರೆ ಬರೋ ಸಾಧ್ಯತೆ ಹೆಚ್ಚಾಗ್ತಾ ಹೋಗ್ತದೆ, ಅದಂತೂ ನಿಜ. ಅಮೆರಿಕದಲ್ಲಿ ಔಷಧಿ, ಇಂಪ್ಲಾಂಟ್ ಎಲ್ಲಾ ನೋಡಿಕೊಳ್ಳೋ ಸರ್ಕಾರಿ ಸಂಸ್ಥೆ ಎಫ್‌ಡಿಎ 2011ರಲ್ಲಿ ಹೇಳಿದ ಪ್ರಕಾರ, ಎದೆಯ ಗಾತ್ರ ಹೆಚ್ಚಿಸೋಕೆ ಹಾಕಿಸಿಕೊಂಡ ಐದು ಜನರಲ್ಲಿ ಒಬ್ಬರಿಗೆ ಹತ್ತು ವರ್ಷದೊಳಗೆ ತೆಗೆಸೋ ಪ್ರಸಂಗ ಬರ್ತದೆ. ನಮ್ಮ ಹಾಗೆ ಕ್ಯಾನ್ಸರ್ ಆಪರೇಷನ್ ಆದಮೇಲೆ ಹಾಕಿಸಿಕೊಂಡವರಲ್ಲಿ ಅದು ಅರ್ಧದಷ್ಟು ಜನರಿಗೆ ಬರಬಹುದು. ಒಡೆಯೋದೊಂದೇ ಅಲ್ಲ, ಗಟ್ಟಿಯಾಗೋದು, ಸರಿಯೋದು, ನಂಜಾಗೋದು, ಎಲ್ಲಾ ಸೇರಿ ಈ ಲೆಕ್ಕ. ಅದನ್ನೇ ಜನ "ಹತ್ತು ವರ್ಷಕ್ಕೆ ಬದಲಿಸಬೇಕು" ಅಂತ ಮಾಡಿಕೊಂಡಿದ್ದಾರೆ. ಉಳಿದ ಅರ್ಧ ಜನ ಆರಾಮ ಇರ್ತಾರೆ, ಅವರ ಸುದ್ದಿಯನ್ನ ಯಾರೂ ಫಾರ್ವರ್ಡ್ ಮಾಡೋದಿಲ್ಲ. 1962ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಮೊಟ್ಟಮೊದಲು ಸಿಲಿಕಾನ್ ಇಂಪ್ಲಾಂಟ್ ಹಾಕಿಸಿಕೊಂಡ ಟಿಮ್ಮಿ ಜೀನ್ ಲಿಂಡ್ಸೆ ಅನ್ನೋ ಹೆಂಗಸು ಐವತ್ತು ವರ್ಷ ಆದ್ರೂ ಅವನ್ನೇ ಇಟ್ಟುಕೊಂಡಿದ್ದಳು. ಹಾಗಂತ ಅವಳ ಕಥೆ ಹಿಡಿದುಕೊಂಡು ಕೂರಬೇಡಿ. ನಾನು ಹಾಗೆ ಕೂತೇ ಕೆಟ್ಟೆ.

ನನ್ನದು ಹೇಳ್ತೇನೆ. 2011ರ ದೀಪಾವಳಿ ಕಳೆದು ಎಡಗಡೆ ಪೂರ್ತಿ ತೆಗೆದು, ಅಲ್ಲೇ ಸಿಲಿಕಾನ್ ಇಟ್ಟಿದ್ದು. ಆಮೇಲೆ ಕರೆಂಟ್ ಕೊಟ್ರು, ರೇಡಿಯೇಷನ್. ಡಿಸ್ಚಾರ್ಜ್ ಆಗುವಾಗ ಅಲ್ಲಿನ ಡಾಕ್ಟ್ರು ಬೆನ್ನು ತಟ್ಟಿ "ಇನ್ನು ಲೈಫ್‌ಟೈಮ್ ಚಿಂತೆ ಇಲ್ಲ ಅಮ್ಮಾ" ಅಂದ್ರು. ಆ ಆಸ್ಪತ್ರೆ ಹೆಸರು ಈಗ ಎಂತಕ್ಕೆ, ಜೀವ ಉಳಿಸಿದವರು. ಆದ್ರೆ ಆ ಒಂದು ಮಾತು ನಂಬಿ ನಾನು ಹನ್ನೊಂದು ವರ್ಷ ಇಂಪ್ಲಾಂಟಿನ ಕಡೆ ತಿರುಗಿ ನೋಡಲಿಲ್ಲ. ಕ್ಯಾನ್ಸರಿನ ಚೆಕಪ್ಪಿಗೆ ತಪ್ಪದೆ ಹೋಗ್ತಿದ್ದೆ, ಬಲಗಡೆ ಮ್ಯಾಮೊಗ್ರಾಂ, ಅಂದ್ರೆ ಎದೆಯ ಎಕ್ಸ್‌ರೇ, ಮಾಡಿಸ್ತಿದ್ದೆ. ಎಡಗಡೆ ಇಟ್ಟ ವಸ್ತು ಹೇಗುಂಟು ಅಂತ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

2018ರ ಹೊತ್ತಿಗೆ ಅದು ಗಟ್ಟಿಯಾಗ್ತಾ ಬಂತು. ಹೊರಗಿನ ವಸ್ತು ಒಳಗೆ ಬಂದ್ರೆ ದೇಹ ಅದರ ಸುತ್ತ ಒಂದು ಪೊರೆ ಕಟ್ತದೆ, ಹಲಸಿನ ಬೇಳೆಯ ಮೇಲೆ ಬಿಳಿ ಸಿಪ್ಪೆ ಇರ್ತದಲ್ಲ ಹಾಗೆ. ಅದು ಎಲ್ಲರಿಗೂ ಆಗೋದೇ. ಕೆಲವರಿಗೆ ಆ ಪೊರೆ ಬಿಗಿದು ಬಿಗಿದು ಒಳಗಿನದ್ದನ್ನ ಹಿಂಡ್ತದೆ. ಕರೆಂಟ್ ಕೊಟ್ಟ ಜಾಗದಲ್ಲಿ ಅದು ಇನ್ನೂ ಜಾಸ್ತಿ. ನನಗೆ ಎಡಗಡೆ ಮೇಲಕ್ಕೆ ಏರಿತ್ತು, ಮಗುಚಿ ಮಲಗಿದ್ರೆ ಕಲ್ಲಿನ ಮೇಲೆ ಮಲಗಿದ ಹಾಗೆ. ರವಿಕೆ ಹೊಲಿಯೋಳಿಗೆ ಮೊದಲು ಗೊತ್ತಾಯ್ತು, ಡಾಕ್ಟ್ರಿಗಲ್ಲ! "ಅಕ್ಕಾ, ಎರಡು ಕಡೆ ಅಳತೆ ಬೇರೆ ಬೇರೆ ಬರ್ತಾ ಉಂಟು" ಅಂದಳು. ನಾನು ವಯಸ್ಸು ಅಂತ ಸುಮ್ಮನಾದೆ.

2022ರ ಸಿರ್ಸಿ ಮಾರಿಕಾಂಬಾ ಜಾತ್ರೆ ಮುಗಿದಮೇಲೆ ಮಗಳು ಹಟ ಹಿಡಿದು ಎಂಆರ್‌ಐ ಮಾಡಿಸಿದಳು. ಒಡೆದಿತ್ತು. ಯಾವಾಗ ಒಡೀತೋ ದೇವರಿಗೇ ಗೊತ್ತು. ಹೊಸ ನೋವಿಲ್ಲ, ಬಾವಿಲ್ಲ, ಆಕಾರ ಗಟ್ಟಿಯಾದಮೇಲೆ ಹೇಗಿತ್ತೋ ಹಾಗೇ. ನಿಮ್ಮ ಅತ್ತೆಯವರಿಗೆ ತಿಳಿಸಿ ಹೇಳಬೇಕಾದ್ದು ಇದು. ಸಲೈನ್, ಅಂದ್ರೆ ಉಪ್ಪುನೀರು ತುಂಬಿದ್ದು ಒಡೆದ್ರೆ ಗಾಳಿ ಹೋದ ಟಯರಿನ ಹಾಗೆ ಇಳಿದುಬಿಡ್ತದೆ, ಕಣ್ಣಿಗೇ ಕಾಣ್ತದೆ, ಆ ನೀರನ್ನ ದೇಹ ಹೀರಿಕೊಳ್ತದೆ. ಸಿಲಿಕಾನ್ ಹಾಗಲ್ಲ. ಅದು ದಪ್ಪ ಅಂಟು, ಹೊರಗಿನ ಚೀಲ ಸವೆದು ಸೀಳಿದ್ರೂ ದೇಹ ಕಟ್ಟಿದ ಪೊರೆಯೊಳಗೇ ನಿಂತಿರ್ತದೆ. ಹಾಗಾಗಿ ಹೆಚ್ಚಿನ ಸಲ ಹೊರಗಿಂದ ಏನೂ ಗೊತ್ತಾಗೋದಿಲ್ಲ. ಸ್ಕ್ಯಾನಿಂಗ್ ಡಾಕ್ಟ್ರು ಪರದೆಯಲ್ಲಿ ತೋರಿಸಿದ್ರು, ಕುಸಿದ ಚೀಲ ಸುರುಳಿ ಸುರುಳಿಯಾಗಿ ತೇಲ್ತಾ ಇತ್ತು. ಇಟಲಿಯವರ ಉದ್ದದ ಒಂದು ತಿಂಡಿಯ ಹೆಸರು ಅದಕ್ಕೆ ಇಟ್ಟಿದ್ದಾರಂತೆ. ನಾನು "ನಮ್ಮ ಕಡೆ ಇದಕ್ಕೆ ಶಾವಿಗೆ ಅಂತಾರೆ ಸಾರ್" ಅಂದೆ. ಪಾಪ, ನಕ್ಕರು.

ವಿಷ ಏರ್ತದಾ ಅಂದ್ರೆ, ಆ ಫಾರ್ವರ್ಡ್ ಹೇಳಿದ ಹಾಗೆ ರಾತ್ರೋರಾತ್ರಿ ಪ್ರಾಣ ಹೋಗೋ ಸಂಗತಿ ಅಲ್ಲ. ಪೊರೆ ದಾಟಿ ಹೊರಗೆ ಬಂದ್ರೆ ಗಂಟು ಗಂಟಾಗ್ತದೆ, ಕಂಕುಳಿನ ಗ್ರಂಥಿಗೆ ಹೋಗಿ ಕೂರ್ತದೆ, ಆಗ ತೆಗೆಯೋದು ಕಷ್ಟ. ಅದಕ್ಕೇ ಒಡೆದದ್ದು ಖಾತ್ರಿ ಆದ್ರೆ ತೆಗೆಸಿ ಅಂತಾರೆ. ಓಡಿಹೋಗಿ ನಾಳೆಯೇ ಮಾಡಿಸೋ ಎಮರ್ಜೆನ್ಸಿ ಅಲ್ಲ. ನನಗೆ ಜೂನಲ್ಲಿ ಗೊತ್ತಾದದ್ದು, ಅಡಿಕೆ ಕೊಯ್ಲು ಮುಗಿಸಿ 2023ರ ಫೆಬ್ರವರಿಯಲ್ಲಿ ತೆಗೆಸಿದೆ. ಡಾಕ್ಟ್ರು ಅಷ್ಟು ತಡ ಮಾಡಬೇಡಿ ಅಂದಿದ್ರು ಅನ್ನೋದೂ ನಿಜ. ನಾನು ಮಾಡಿದ್ದು ಸರಿ ಅಂತ ಹೇಳ್ತಿಲ್ಲ.

ಹಾಗಾದ್ರೆ ನೋಡಿಸೋದು ಯಾವಾಗ? ಸಿಲಿಕಾನ್ ಇದ್ದವರು ಏನೂ ತೊಂದರೆ ಇಲ್ಲದಿದ್ರೂ ಹಾಕಿಸಿ ಐದಾರು ವರ್ಷಕ್ಕೆ ಒಮ್ಮೆ ಎಂಆರ್‌ಐ ಅಥವಾ ಅಲ್ಟ್ರಾಸೌಂಡ್, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ. 2020ರಿಂದ ಎಫ್‌ಡಿಎ ಹೇಳೋದು ಹೀಗೆ. ನಮಗೆ ನೆನಪಿಟ್ಟುಕೊಳ್ಳೋದು ಸುಲಭ, ಸಿರ್ಸಿ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರ್ತದೆ. ಜಾತ್ರೆ ಬಂತು ಅಂದ್ರೆ ಸ್ಕ್ಯಾನಿಂಗ್ ಆಯ್ತಾ ಅಂತ ಕೇಳಿಕೊಳ್ಳೋದು. ಮ್ಯಾಮೊಗ್ರಾಂ ಮಾಡಿಸಿದೆ, ಸಾಕು ಅಂತ ತಿಳೀಬೇಡಿ. ಅದು ಕ್ಯಾನ್ಸರ್ ಹುಡುಕೋಕೆ, ಸದ್ದಿಲ್ಲದೆ ಒಡೆದದ್ದು ಅದರಲ್ಲಿ ತಪ್ಪಿಹೋಗ್ತದೆ. ಮತ್ತೆ ಎದೆ ಹಾಗೇ ಇದ್ದು ಇಂಪ್ಲಾಂಟ್ ಇದ್ದವರು ಮ್ಯಾಮೊಗ್ರಾಂ ಮಾಡೋ ಹುಡುಗಿಗೆ ಮೊದಲೇ ಹೇಳಬೇಕು. ಇಂಪ್ಲಾಂಟ್ ಹಿಂದಕ್ಕೆ ಸರಿಸಿ ಬೇರೆ ರೀತಿ ಫೋಟೊ ತೆಗೀಬೇಕಾಗ್ತದೆ.

ಎಂಆರ್‌ಐಗೆ ಹೋಗೋ ಮುಂಚೆ ಫೋನ್ ಮಾಡಿ. ಇದು ನಾನು ಒಂದು ದಿನ ಹಾಳು ಮಾಡಿಕೊಂಡು ಕಲಿತ ಪಾಠ. ಬ್ರೆಸ್ಟ್ ಕಾಯಿಲ್ ಅಂತ ಒಂದು ಬೇರೆ ಸಾಮಾನು ಬೇಕು, ಬೋರಲು ಮಲಗಿಸ್ತಾರೆ. ಸೊಂಟನೋವಿಗೆ ಎಂಆರ್‌ಐ ಮಾಡೋ ಎಲ್ಲಾ ಕಡೆ ಅದು ಇರೋದಿಲ್ಲ. ಬೆಳಿಗ್ಗೆ ಐದೂವರೆ ಬಸ್ಸಿಗೆ ಹೋಗಿ, ಹಸಿದುಕೊಂಡು ಕೂತು, ಹನ್ನೊಂದು ಗಂಟೆಗೆ "ಇಲ್ಲಿ ಆಗೋದಿಲ್ಲಮ್ಮ" ಅನ್ನಿಸಿಕೊಂಡು ಬಂದೆ. ನಮ್ಮ ಜಿಲ್ಲೆ ಹಣೆಬರಹ ಗೊತ್ತಲ್ಲ, ಸ್ವಲ್ಪ ದೊಡ್ಡದು ಅಂದ್ರೆ ಮಣಿಪಾಲ, ಹುಬ್ಬಳ್ಳಿ, ಇಲ್ಲಾ ಗೋವಾ. ಕುಮಟಾದಿಂದ ನಿಮಗೆ ಮಣಿಪಾಲವೇ ಅನುಕೂಲ. "ಇಂಪ್ಲಾಂಟ್ ಒಡೆದಿದೆಯಾ ನೋಡೋಕೆ" ಅಂತಲೇ ಚೀಟಿಯಲ್ಲಿ ಬರೆಸಿಕೊಳ್ಳಿ. ಅಷ್ಟಕ್ಕೇ ಆದ್ರೆ ಸಾಮಾನ್ಯವಾಗಿ ಬಣ್ಣದ ಇಂಜೆಕ್ಷನ್ ಕೂಡಾ ಬೇಕಾಗೋದಿಲ್ಲ.

ಸ್ಕ್ಯಾನಿಂಗಿಗೆ ಕಾಯದೆ ಹೋಗಬೇಕಾದ್ದೂ ಉಂಟು. ಎಷ್ಟೋ ವರ್ಷ ಸುಮ್ಮನಿದ್ದು ಒಮ್ಮೆಲೇ ಒಂದು ಕಡೆ ಊದಿಕೊಂಡ್ರೆ, ಗಂಟು ಸಿಕ್ಕಿದ್ರೆ, ಕಂಕುಳಲ್ಲಿ ಬಾವು ಬಂದ್ರೆ, ಕೆಂಪಾಗಿ ಜ್ವರ ಬಂದ್ರೆ ತಡ ಮಾಡಬಾರದು. ಆ ಊತದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಕೆಲವು ಇಂಪ್ಲಾಂಟ್ ಮೇಲ್ಮೈ ನುಣುಪು, ಕೆಲವು ಒರಟು. ಒರಟು ಇರೋದರ ಸುತ್ತ, ಬಹಳ ಅಪರೂಪಕ್ಕೆ, ರಕ್ತಕಣದ ಜಾತಿಯ ಒಂದು ಕ್ಯಾನ್ಸರ್ ಬರ್ತದೆ, ಲಿಂಫೋಮಾ ಅಂತಾರೆ. ಸಾಮಾನ್ಯವಾಗಿ ಹಾಕಿಸಿ ಎಂಟು ಹತ್ತು ವರ್ಷ ಆದಮೇಲೆ ನೀರು ತುಂಬಿ ಊದೋದೇ ಅದರ ಮೊದಲ ಗುರುತು. ಆ ನೀರು ತೆಗೆದು ಪರೀಕ್ಷೆಗೆ ಕಳಿಸಬೇಕು, ಸುಮ್ಮನೆ ನೀರು ತೆಗೆದು ಮನೆಗೆ ಕಳಿಸಿದ್ರೆ ಆಗೋದಿಲ್ಲ. ಬೇಗ ಸಿಕ್ಕಿದ್ರೆ ಇಂಪ್ಲಾಂಟು, ಪೊರೆ ಎರಡೂ ತೆಗೆದ್ರೆ ಹೆಚ್ಚಿನವರಿಗೆ ವಾಸಿಯಾಗ್ತದೆ. ಇದೇ ಕಾರಣಕ್ಕೆ 2019ರ ಜುಲೈನಲ್ಲಿ ಅಲರ್ಗನ್ ಕಂಪನಿ ಬಯೋಸೆಲ್ ಅನ್ನೋ ಒರಟು ಇಂಪ್ಲಾಂಟುಗಳನ್ನ ಜಗತ್ತಿನಾದ್ಯಂತ ವಾಪಸ್ ತಗೊಂಡಿತು. ಆಗಲೂ, ಏನೂ ತೊಂದರೆ ಇಲ್ಲದವರು ಹೆದರಿ ತೆಗೆಸಿಕೊಳ್ಳಬೇಕಾಗಿಲ್ಲ ಅಂತಲೇ ಎಫ್‌ಡಿಎ ಹೇಳಿದ್ದು. ಫ್ರಾನ್ಸಿನ ಪಿಐಪಿ ಅನ್ನೋ ಇಂಪ್ಲಾಂಟ್ ಕಂಪನಿಯ ಕಥೆ ಬೇರೆ, ಅದು ಶುದ್ಧ ಮೋಸ. ಕಾರ್ಖಾನೆಗೆ ಬಳಸೋ ಸಿಲಿಕಾನ್ ತುಂಬಿದ್ದರು, 2010ರಲ್ಲಿ ಸಿಕ್ಕಿಬಿದ್ದರು, ಮಾಲೀಕನಿಗೆ ಜೈಲಾಯ್ತು.

ಈಗ ನಿಮ್ಮ ಅತ್ತೆಯವರ ಒಳಗೆ ಇರೋದು ಯಾವುದು? ನುಣುಪಾ, ಒರಟಾ? ಸಿಲಿಕಾನಾ, ನೀರಾ? ಯಾವ ಕಂಪನಿ? ಇದು ಗೊತ್ತಿಲ್ಲದೆ ಎಷ್ಟು ಮಾತಾಡಿದ್ರೂ ಗಾಳಿಗುದ್ದಾಟ. ಆಪರೇಷನ್ ಆದಾಗ ಒಂದು ಕಾರ್ಡೋ ಸ್ಟಿಕ್ಕರೋ ಕೊಟ್ಟಿರ್ತಾರೆ, ಕಂಪನಿ ಹೆಸರು, ಸೀರಿಯಲ್ ನಂಬರು, ಲಾಟ್ ನಂಬರು, ಎಷ್ಟು ಸಿಸಿ, ಅಂದ್ರೆ ಎಷ್ಟು ದೊಡ್ಡದು ಅಂತ. ನನ್ನ ಫೈಲನ್ನ ಅಟ್ಟದ ಮೇಲೆ ಇಟ್ಟಿದ್ದೆ, ಒರಲೆ ತಿಂದು ಮಣ್ಣು ಮಾಡಿತ್ತು. ಆಸ್ಪತ್ರೆಗೆ ಫೋನ್ ಮಾಡಿದ್ರೆ ಅಷ್ಟು ಹಳೇದು ಇಲ್ಲ ಅಂದ್ರು. ಅವರನ್ನ ಬೈದೂ ಪ್ರಯೋಜನ ಇಲ್ಲ, ಒಳರೋಗಿಯ ದಾಖಲೆ ಮೂರು ವರ್ಷ ಇಟ್ಟರೆ ಸಾಕು ಅಂತಲೇ ಡಾಕ್ಟ್ರುಗಳ ನಿಯಮ ಉಂಟು. ನನ್ನ ಪುಣ್ಯಕ್ಕೆ ಡಿಸ್ಚಾರ್ಜ್ ಪೇಪರಿನ ಒಂದು ಮೂಲೆ ಉಳಿದಿತ್ತು, ಅದರ ಮೇಲೆ ಅರ್ಧ ಸ್ಟಿಕ್ಕರ್.

ತೆಗೆಸಿದಮೇಲೆ ನಾನು ಎಂತ ಮಾಡಿದೆ ಅಂತ ಕೇಳಿದ್ದೆಯಲ್ಲ. ಡಾಕ್ಟ್ರು ಮೂರು ದಾರಿ ಹೇಳಿದ್ರು. ಹೊಸತು ಹಾಕೋದು, ಹೊಟ್ಟೆಯದ್ದೋ ಬೆನ್ನಿನದ್ದೋ ಮಾಂಸ ತಂದು ಕಟ್ಟೋದು, ಇಲ್ಲಾ ಹಾಗೇ ಬಿಡೋದು. ನಾನು ಹಾಗೇ ಬಿಡಿ ಅಂದೆ. ಕರೆಂಟ್ ತಿಂದ ಚರ್ಮ, ಇನ್ನೊಂದು ಹಾಕಿದ್ರೂ ಮತ್ತೆ ಗಟ್ಟಿಯಾಗಬಹುದು ಅಂದ್ರು. ದೊಡ್ಡ ಆಪರೇಷನ್ ತಡೆಯೋ ಮನಸ್ಸೂ ಇರಲಿಲ್ಲ. ಮನೆಯಲ್ಲಿ ಹತ್ತಿಬಟ್ಟೆಯ ಪ್ಯಾಡು, ಮದುವೆ ಮುಂಜಿಗೆ ಹೊರಗೆ ಇಟ್ಟುಕೊಳ್ಳೋ ಸಿಲಿಕಾನಿಂದು. ಆದ್ರೆ ನನ್ನ ಜೊತೆ ಅದೇ ವಾರ್ಡಲ್ಲಿದ್ದ ಬೆಂಗಳೂರಿನ ಒಬ್ಬರು ಹೊಸತು ಹಾಕಿಸಿಕೊಂಡು ಚಂದ ಇದ್ದಾರೆ. ಸೀರೆ ಉಟ್ಟಾಗ ತನಗೆ ತಾನು ಹೇಗೆ ಕಾಣಬೇಕು ಅನ್ನೋದು ಅವರವರದ್ದು. ಕಳೆದ ವರ್ಷ ಇದೇ ಗ್ರೂಪಲ್ಲಿ ಯಾರೋ ಗಾತ್ರಕ್ಕಾಗಿ ಮಾಡಿಸಿಕೊಂಡಳು ಅಂತ ನಗೆಯ ಗೊಂಬೆ ಹಾಕಿದ್ರಿ, ನಾನು ಮರೆತಿಲ್ಲ. ಅವಳಿಗೂ ಇದೇ ಸ್ಕ್ಯಾನಿಂಗ್, ಇದೇ ಜಾತ್ರೆ ಲೆಕ್ಕ. ಹೇಳೋಕೆ ಯಾರೂ ಇಲ್ಲದಿದ್ರೆ ನನ್ನ ನಂಬರ್ ಕೊಡಿ.

ಮತ್ತೆ ದುಡ್ಡು. ಇನ್ಶೂರೆನ್ಸಿನವರು ಪ್ಲಾಸ್ಟಿಕ್ ಸರ್ಜರಿ ಅಂದ ಕೂಡಲೇ ಆಗೋದಿಲ್ಲ ಅಂತಾರೆ. ಒಪ್ಪಿಕೊಂಡು ಫೋನ್ ಇಡಬೇಡಿ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಆದಮೇಲೆ ಸರಿಪಡಿಸೋಕೆ ಮಾಡೋದನ್ನ ಆ ನಿಷೇಧದಿಂದ ಹೊರಗೆ ಇಟ್ಟಿದ್ದಾರೆ, ಪಾಲಿಸಿಯ ಸಣ್ಣಕ್ಷರದಲ್ಲೇ ಉಂಟು. ನನ್ನದಕ್ಕೆ ಎರಡು ಸಲ ಪತ್ರ ಬರೆಸಬೇಕಾಯ್ತು.

ಹಾಂ, ಅತ್ತೆಯವರಿಗೆ ಇವತ್ತು ಮೊದಲು ಗಂಜಿ ಆದ್ರೂ ಊಟ ಮಾಡಿಸು. ಹಾಕಿಸಿದಮೇಲೆ ಇಷ್ಟು ವರ್ಷದಲ್ಲಿ ಒಮ್ಮೆಯೂ ನೋಡಿಸಿಲ್ಲ ಅಂದ್ರೆ ಈ ತಿಂಗಳೇ ಹೋಗೋದು ಒಳ್ಳೇದು, ಹೆದರಿ ಅಲ್ಲ. ಬೇಕಿದ್ರೆ ನಾನು ಘಟ್ಟ ಇಳಿದು ಬರ್ತೇನೆ, ಜೊತೆಗೆ ಹೋಗುವ. ಅದಕ್ಕೆ ಮುಂಚೆ ಹಳೇ ಫೈಲ್ ಹುಡುಕಿ ಆ ಸ್ಟಿಕ್ಕರಿನ ಫೋಟೊ ಕಳಿಸು. ಗ್ರೂಪಿಗಲ್ಲ, ನನ್ನ ನಂಬರಿಗೆ. ಫ್ಲ್ಯಾಶ್ ಹಾಕಬೇಡ, ಹೊಳೆದ್ರೆ ನಂಬರ್ ಓದೋಕೆ ಬರೋದಿಲ್ಲ.