ಸಹಾಯ ಬೇಕು: ಕರ್ಮ ಅಂದ್ರೆ ಕೈ ಮಾಡಿದ್ದಾ, ಮನಸ್ಸು ಮಾಡಿದ್ದಾ?

ಎಲ್ಲರಿಗೂ ಶರಣು ಶರಣಾರ್ಥಿ. ನಾನು ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನವನು. ನಮ್ಮಪ್ಪ ತೊಗರಿಗೆ ಹುಳ ಬಿದ್ದಾಗೆಲ್ಲ ಔಷಧ ಹೊಡೆದವರು. ಈಗ ವಯಸ್ಸಾಗಿದೆ. "ಅಷ್ಟೊಂದು ಜೀವ ಕೊಂದೆನಲ್ಲ, ಆ ಕರ್ಮ ನನ್ನ ಬಿಡುತ್ತದಾ?" ಎಂದು ರಾತ್ರಿ ಎದ್ದು ಕೂತು ಕೇಳುತ್ತಾರೆ. ಸುಮ್ನೆ ಏನೋ ಸಮಾಧಾನ ಹೇಳಲು ನನಗೆ ಮನಸ್ಸಿಲ್ಲ.

ಗೀತೆಯ 2ನೇ ಅಧ್ಯಾಯದ 47ನೇ ಶ್ಲೋಕ ಓದಿ ಹೇಳಿದೆ. ಕೆಲಸ ಮಾಡು, ಫಲಕ್ಕೆ ಅಂಟಿಕೊಳ್ಳಬೇಡ, ಹಾಗಂತ ಕೈಕಟ್ಟಿ ಕೂರಲೂ ಬೇಡ ಅಂತ. ಅಪ್ಪ ಒಪ್ಪಲಿಲ್ಲ. "ಫಸಲು ಬರಲಿ ಅಂತಾನೇ ಅಲ್ವಾ ಹೊಡೆದದ್ದು?" ಎಂದರು.

ಬುದ್ಧನ ಮಾತು ಬೇರೆ. ಚೇತನೆಯನ್ನೇ, ಅಂದರೆ ಒಳಗಿನ ಉದ್ದೇಶವನ್ನೇ ಕರ್ಮ ಎನ್ನುತ್ತೇನೆ ಎಂದು ಪಾಳಿ ಭಾಷೆಯಲ್ಲಿರುವ ಬುದ್ಧನ ಉಪದೇಶಗಳ ಸಂಗ್ರಹ ಅಂಗುತ್ತರ ನಿಕಾಯದಲ್ಲಿದೆ. ನನಗೆ ಇದು ಜಾಸ್ತಿ ಹತ್ತಿರ ಅನಿಸಿತು. ಆದರೆ ಬೆಳೆ ಉಳಿಸುವ ಉದ್ದೇಶದೊಳಗೇ ಕೊಲ್ಲುವ ಉದ್ದೇಶವೂ ಸೇರಿದೆಯಲ್ಲ? ಅಲ್ಲೇ ಸಿಕ್ಕಿಕೊಂಡಿದ್ದೇನೆ.

ಪಾಳಿ ಓದಿದವರು, ಗೀತೆ ಬಲ್ಲವರು ದಯವಿಟ್ಟು ತಿಳಿಸಿ. ಅಶೋಕನ ಶಾಸನ ಸಿಕ್ಕ ಸನ್ನತಿ ನಮ್ಮ ತಾಲ್ಲೂಕಿನಲ್ಲೇ ಇದೆ. ಪಕ್ಕದ ಕನಗನಹಳ್ಳಿಯ ಸ್ತೂಪಕ್ಕೆ ಅಪ್ಪನನ್ನು ಕರೆದುಕೊಂಡು ಹೋಗುವವನಿದ್ದೇನೆ. ಅಲ್ಲಿ ಕೂತು ಅವರಿಗೆ ಓದಿ ಹೇಳುವಂಥ ನಾಲ್ಕು ಸಾಲು ಸರಳ ಕನ್ನಡದಲ್ಲಿ ಬರೆದುಕೊಟ್ಟರೂ ಸಾಕು.