ಪದ ಬೇಕು: ಹುಳುಕಡ್ಡಿ ತರುವ ಶಿಲೀಂಧ್ರಗಳ ಮೂರು ಬಗೆಗೆ ಕನ್ನಡದಲ್ಲಿ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.
ಧಾರವಾಡದ ಕೃಷಿ ಮೇಳದಲ್ಲಿ ಪರಿಚಯದ ಪಶುವೈದ್ಯರೊಬ್ಬರ ಮಳಿಗೆಗೆ ಫ್ಲೆಕ್ಸ್ ಬರೆದುಕೊಡುತ್ತಿದ್ದೇನೆ. ನಾಳೆ ಸಂಜೆಯೊಳಗೆ ಹುಬ್ಬಳ್ಳಿಯ ಪ್ರಿಂಟರಿಗೆ ಕಳಿಸಬೇಕು. ವಿಷಯ ಹುಳುಕಡ್ಡಿ. ಅದನ್ನು ತರುವ ಶಿಲೀಂಧ್ರಗಳಿಗೆ ಡರ್ಮಟೊಫೈಟ್ ಎನ್ನುತ್ತಾರೆ. ಅವುಗಳಲ್ಲಿ ಮನುಷ್ಯರ ಮೈಯಲ್ಲಿ ಬಾಳುವವು ಆಂಥ್ರೊಪೊಫಿಲಿಕ್, ಪ್ರಾಣಿಗಳ ಮೈಯಲ್ಲಿ ಬಾಳುವವು ಜೂಫಿಲಿಕ್, ಮಣ್ಣಿನಲ್ಲಿ ಬಾಳುವವು ಜಿಯೊಫಿಲಿಕ್. ನನ್ನ ಕೈಗೆ ಬಂದ ಕರಡಿನಲ್ಲಿ ‘ಮಾನವಪ್ರಿಯ, ಪ್ರಾಣಿಪ್ರಿಯ, ಭೂಪ್ರಿಯ’ ಎಂದಿದೆ. ಪೇಪರ್ ಓದುವವರಿಗೆ ಪ್ರಾಣಿಪ್ರಿಯ ಎಂದರೆ ಬೀದಿನಾಯಿಗೆ ಅನ್ನ ಹಾಕುವವರು. ಇದನ್ನು ಬದಲಿಸಲೇಬೇಕು. ಇನ್ನೊಂದು, ಟ್ರೈಕೊಫೈಟಾನ್ ವೆರುಕೋಸಮ್‌ನಂಥ ಹೆಸರುಗಳನ್ನು ಕನ್ನಡಿಸಬೇಕೋ, ಹಾಗೇ ಬಿಡಬೇಕೋ?
— ಅನುವಾದಕಿ, ಧಾರವಾಡ

ಮೊದಲು ಶಿಲೀಂಧ್ರವನ್ನು ತೆಗೆಯಿರಿ. ಬೂಸು ಇದೆಯಲ್ಲ. ಮೈಸೂರು ಕಡೆಯವರು ಬೂಷ್ಟು ಅನ್ನುತ್ತಾರೆ, ತೆಲುಗರಲ್ಲಿ ಬೂಜು. ತಮಿಳರು ಪೂಂಜೈಯನ್ನು ವಿಜ್ಞಾನದ ಪುಸ್ತಕಕ್ಕೇ ಏರಿಸಿದ್ದಾರೆ. ನಾವು ಮಾತ್ರ ಮಗ್ಗಿ ಬಾಯಿಪಾಠ ಮಾಡಿದಂತೆ ಶಿಲೀಂಧ್ರ, ಶಿಲೀಂಧ್ರ ಅನ್ನುತ್ತ ಕೂತಿದ್ದೇವೆ. ಡರ್ಮಟೊಫೈಟ್‌ಗೆ ‘ತೊಗಲುಬೂಸು’ ಎನ್ನಿ, ಮುಗಿಯಿತು.
— ನಿವೃತ್ತ ಕನ್ನಡ ಉಪನ್ಯಾಸಕ, ಹುಬ್ಬಳ್ಳಿ

ಸರ್, ತೊಗಲುಬೂಸು ಅಂದ್ರ ನಮ್ಮ ಕಡೆ ಮಳಿಗಾಲದಾಗ ಚಪ್ಪಲಿಗೆ ಬರ್ತೈತಲ್ಲ, ಅದು. ಬ್ಯಾಡ.
ಅಕ್ಕಾರ, ಹುಳುಕಡ್ಡಿ ಅನ್ನೂದನ್ನ ದೊಡ್ಡ ಅಕ್ಷರದಾಗ ಹಾಕ್ರಿ, ಕೆಳಗ ‘ಇದು ಹುಳದಿಂದ ಬರೂದಲ್ಲ’ ಅಂತ ಬರೀರಿ. ಕರುವಿನ ಕಣ್ಣಿನ ಸುತ್ತ, ಕುತ್ತಿಗಿ ಮ್ಯಾಲ ಬೂದಿಬಣ್ಣದ ಹಕ್ಕಳಿ ಕಂಡ್ರ ಜಂತಿನ ಔಷಧ ಕೇಳೂ ಮಂದಿ ಇನ್ನೂ ಅದಾರ. ಹುಳದ ಹೆಸರು ನಾವಷ್ಟ ಇಟ್ಟಿಲ್ಲ, ಡಾಕ್ಟರ್ ಚೀಟಿ ಒಳಗಿನ ಟಿನಿಯಾ ಅನ್ನೂದಕ್ಕೂ ಲ್ಯಾಟಿನ್ನಿನಾಗ ಹುಳ ಅಂತನ ಅರ್ಥ. ದನಕ್ಕ ಹೆಚ್ಚಾಗಿ ಬರೂದು ನೀವು ಬರದಿರೂ ವೆರುಕೋಸಮ್. ಉದುರಿದ ಹಕ್ಕಳಿ ಗೂಟಕ್ಕ, ಗ್ವಾದಲಿಗೆ ಅಂಟಿಕೊಂಡು ತಿಂಗಳಾನುಗಟ್ಟಲೆ ಜೀವಂತ ಇರ್ತೈತಿ. ಕರು ಮೈ ತಿಕ್ಕಿದವರ ಮುಂಗೈಗೆ ಹತ್ತಿದ್ರ ಕೆಂಪಾಗಿ ಬಾತು ಕೀವು ಸುದ್ದಾ ಆಗಬಹುದು. ಮಂದಿಯಿಂದ ಮಂದಿಗೆ ಹತ್ತೂ ಟ್ರೈಕೊಫೈಟಾನ್ ರೂಬ್ರಮ್ ಹಂಗಲ್ಲ, ಅಷ್ಟು ಬಾವು ಬರಂಗಿಲ್ಲ, ಆದ್ರ ವರ್ಷಗಟ್ಟಲೆ ಹಿಡಕೊಂಡು ಕೂಡ್ತೈತಿ. ಈ ಫರಕು ರೈತರಿಗೆ ತಿಳೀಬೇಕು. ಮೂರು ಬಗೆ ಬೇಕಾಗಿರೂದು ಅದಕ್ಕ.
— ಪಶುವೈದ್ಯ, ಹಾವೇರಿ

ಶಿಲೀಂಧ್ರವನ್ನು ತೆಗೆಯಿರಿ ಎಂದು ಅಪ್ಪಣೆ ಕೊಡುವ ಮೊದಲು ಅದರ ಹಿನ್ನೆಲೆ ನೋಡಬೇಕು. ಮೇಘದೂತದ ಮೊದಲ ಭಾಗದಲ್ಲೇ ಗುಡುಗು ಭೂಮಿಯನ್ನು ‘ಉಚ್ಛಿಲೀಂಧ್ರ’ವಾಗಿಸುತ್ತದೆ ಎಂದಿದೆ. ಗುಡುಗಿಗೆ ಅಣಬೆ ಏಳುತ್ತದೆ ಎಂದು ನಮ್ಮ ಎರೆಹೊಲದವರು ಹೇಳುವುದೂ ಇದನ್ನೇ. ಶಿಲೀಂಧ್ರ ಎಂದರೆ ಮೂಲದಲ್ಲಿ ಅಣಬೆ. ಲ್ಯಾಟಿನ್ನಿನ ಫಂಗಸ್ ಎಂದರೂ ಅಣಬೆಯೇ, ಆಮೇಲೆ ಇಡೀ ಗುಂಪಿಗೆ ಹರಡಿತು. ಎರಡೂ ಒಂದೇ ದಾರಿಯಲ್ಲಿ ಬೆಳೆದ ಪದಗಳು. ಬೂಸು ಹಾಗೆ ಬೆಳೆದಿಲ್ಲ. ಅಣಬೆಯನ್ನು ಯಾರೂ ಬೂಸು ಎನ್ನುವುದಿಲ್ಲ.
— ಸಂಸ್ಕೃತ ಅಧ್ಯಾಪಕ, ಗದಗ

ಬೆಳೆಸಿದರೆ ಬೆಳೆಯುತ್ತದೆ.
— ಹುಬ್ಬಳ್ಳಿ

ಲ್ಯಾಟಿನ್ ಹೆಸರುಗಳನ್ನು ದಯವಿಟ್ಟು ಅನುವಾದಿಸಬೇಡಿ. ವೆರುಕೋಸಮ್ ಎಂದರೆ ನರುಳ್ಳೆಯಂಥದ್ದು. ಕರುಗಳಿಗೆ ನಿಜವಾದ ನರುಳ್ಳೆಯೂ ಆಗುತ್ತದೆ, ಅದು ವೈರಸ್ಸಿನಿಂದ. ಫ್ಲೆಕ್ಸಿನಲ್ಲಿ ‘ನರುಳ್ಳೆ ಶಿಲೀಂಧ್ರ’ ಎಂದು ಬರೆದರೆ ಎರಡು ರೋಗ ಕಲಸಿಹೋಗುತ್ತವೆ. ಆ ಹೆಸರು ಬರೀ ಗುರುತು, ವರ್ಣನೆಯಲ್ಲ.
ಮೇಲಾಗಿ ಈ ಹೆಸರುಗಳು ನಿಂತಲ್ಲಿ ನಿಲ್ಲುವುದಿಲ್ಲ. ಮೊದಲು ಒಂದೇ ಶಿಲೀಂಧ್ರಕ್ಕೆ ಲೈಂಗಿಕ ಹಂತದಲ್ಲಿ ಒಂದು ಹೆಸರು, ಅಲೈಂಗಿಕ ಹಂತದಲ್ಲಿ ಇನ್ನೊಂದು ಹೆಸರು ಇಡಲು ನಿಯಮವೇ ಅವಕಾಶ ಕೊಟ್ಟಿತ್ತು. 2011ರ ಮೆಲ್ಬರ್ನ್ ಸಸ್ಯವಿಜ್ಞಾನ ಸಮ್ಮೇಳನ ಅದನ್ನು ರದ್ದು ಮಾಡಿ ಒಂದಕ್ಕೆ ಒಂದೇ ಹೆಸರು ಎಂದಿತು. 2017ರಲ್ಲಿ ಡಿಎನ್‌ಎ ಆಧಾರದ ಮೇಲೆ ಡರ್ಮಟೊಫೈಟ್‌ಗಳನ್ನು ಏಳು ಕುಲಗಳಿಗೆ ಹಂಚಿದರು. ನಾವು ಓದುವಾಗ ಇದ್ದದ್ದು ಟ್ರೈಕೊಫೈಟಾನ್, ಮೈಕ್ರೊಸ್ಪೋರಮ್, ಎಪಿಡರ್ಮೊಫೈಟಾನ್, ಮೂರೇ. ಮಣ್ಣಿನ ಮೈಕ್ರೊಸ್ಪೋರಮ್ ಜಿಪ್ಸಿಯಮ್ ಈಗ ನ್ಯಾನಿಜಿಯಾ ಜಿಪ್ಸಿಯಾ. ನೀವು ಕನ್ನಡಿಸಿ ಮುಗಿಸುವಷ್ಟರಲ್ಲಿ ಅವರು ಬದಲಿಸಿರುತ್ತಾರೆ.
ಟರ್ಬಿನಾಫಿನ್ ಔಷಧಕ್ಕೆ ಬಗ್ಗದ ಹುಳುಕಡ್ಡಿ ನಮ್ಮಲ್ಲಿ ಹಬ್ಬಿದೆಯಲ್ಲ, ಅದರ ಶಿಲೀಂಧ್ರಕ್ಕೆ 2020ರಲ್ಲಿ ಜಪಾನಿನವರು ಟ್ರೈಕೊಫೈಟಾನ್ ಇಂಡೊಟಿನಿಯೆ ಎಂದು ಹೆಸರಿಟ್ಟರು. ಇದನ್ನು ಯಾರಾದರೂ ‘ಭಾರತ ಹುಳುಕಡ್ಡಿ’ ಎಂದು ಅನುವಾದಿಸಿದರೆ ನನಗೆ ಸಿಟ್ಟೇ ಬರುತ್ತದೆ.
ಮೂರು ಬಗೆಗೆ: ಜನಮೂಲ, ಪಶುಮೂಲ ಎಂದು ಕೆಲವರು ಬರೆಯುತ್ತಾರೆ. ಅದೂ ಸರಿಯಲ್ಲ. ಈ ವರ್ಗೀಕರಣ ಕೇಳುವುದು ರೋಗ ಯಾರಿಂದ ಹತ್ತಿತು ಎಂದಲ್ಲ, ಶಿಲೀಂಧ್ರದ ಕಾಯಂ ಮನೆ ಯಾವುದು ಎಂದು. ಬೆಕ್ಕಿನ ಮೈಕ್ರೊಸ್ಪೋರಮ್ ಕ್ಯಾನಿಸ್ ನನ್ನ ಮಗಳಿಂದ ನನಗೆ ಹತ್ತಿದರೂ ಅದರ ಮನೆ ಬೆಕ್ಕೇ. ಆದ್ದರಿಂದ ‘ನೆಲೆ’ ಬಳಸಿ: ಜನನೆಲೆ, ಪಶುನೆಲೆ, ಮಣ್ಣುನೆಲೆ.
— ಸೂಕ್ಷ್ಮಜೀವಿಶಾಸ್ತ್ರ, ಧಾರವಾಡ

ನೆಲೆ ಒಳ್ಳೆಯ ಪದ, ಒಪ್ಪಿದೆ. ಆದರೆ ಜನನೆಲೆ, ಪಶುನೆಲೆ ಎರಡೂ ಅರಿಸಮಾಸ, ಸಂಸ್ಕೃತ ಪದಕ್ಕೆ ಕನ್ನಡ ಪದ ಬೆಸೆದ ದೋಷ. ವ್ಯಾಕರಣಕಾರ ಕೇಶಿರಾಜ ಬಿರುದಾವಳಿಗೆ, ಪೂರ್ವಕವಿ ಪ್ರಯೋಗಕ್ಕೆ ವಿನಾಯಿತಿ ಕೊಟ್ಟಿದ್ದಾನೆ, ಫ್ಲೆಕ್ಸಿಗಲ್ಲ.
— ಗದಗ

ಹಾಗಾದರೆ ಮಂದಿನೆಲೆ, ಮಿಗನೆಲೆ, ಮಣ್ಣುನೆಲೆ. ಅಚ್ಚಗನ್ನಡ, ಅರಿಸಮಾಸದ ತಕರಾರೂ ಇಲ್ಲ.
— ಹುಬ್ಬಳ್ಳಿ

ಮಿಗ ಅಂದ್ರ ಏನ್ರಿ ಸರ್? ನಮ್ಮ ಆಸ್ಪತ್ರಿಗೆ ಮಿಗ ಹೊಡಕೊಂಡು ಬಂದವರನ್ನ ನಾ ಒಬ್ಬರನ್ನೂ ನೋಡಿಲ್ಲ. ಬರೀ ದನ ಅಂತ ಬರದ್ರ ನಾಯಿ ಬೆಕ್ಕು ಬಿಟ್ಟು ಹೋಗ್ತಾವ.
— ಹಾವೇರಿ

ಎಲ್ಲರಿಗೂ ಧನ್ಯವಾದ. ಸಮಾಸ ಬಿಟ್ಟು ಬಿಡಿಯಾಗಿ ಬರೆದಿದ್ದೇನೆ, ಆಗ ಅರಿಯೂ ಇಲ್ಲ, ಮಿಗವೂ ಬೇಕಿಲ್ಲ:
‘ಹುಳುಕಡ್ಡಿ ಹುಳದಿಂದ ಬರುವುದಿಲ್ಲ, ಶಿಲೀಂಧ್ರದಿಂದ (ಫಂಗಸ್) ಬರುತ್ತದೆ. ಈ ಶಿಲೀಂಧ್ರಗಳಲ್ಲಿ ಕೆಲವು ಮನುಷ್ಯರಲ್ಲಿ ನೆಲೆಸಿವೆ, ಕೆಲವು ದನ, ನಾಯಿ, ಬೆಕ್ಕುಗಳಲ್ಲಿ, ಇನ್ನು ಕೆಲವು ಮಣ್ಣಿನಲ್ಲಿ. ಕರುವಿಗೆ ಹುಳುಕಡ್ಡಿ ಇದ್ದರೆ ಬರಿಗೈಯಲ್ಲಿ ಮುಟ್ಟಬೇಡಿ.’
ಲ್ಯಾಟಿನ್ ಹೆಸರು ಕೆಳಗೆ ಸಣ್ಣಕ್ಷರದಲ್ಲಿ, ಕನ್ನಡ ಲಿಪಿಯಲ್ಲೇ ಇರುತ್ತವೆ. ಡರ್ಮಟೊಫೈಟ್ ಪದವನ್ನೇ ಕೈಬಿಟ್ಟೆ, ಓದುವವರಿಗೆ ಅದರಿಂದ ಉಪಯೋಗವಿಲ್ಲ.
— ಅನುವಾದಕಿ

ಕೊನೆಗೂ ಇಂಗ್ಲಿಷಿನ ಫಂಗಸ್ ಕಂಸದೊಳಗೆ ನುಸುಳಿತು. 2021ರಲ್ಲೂ ಹೀಗೇ ಆಯಿತು. ಪೇಪರು, ಟಿವಿ ಎಲ್ಲ ಕಡೆ ಬ್ಲ್ಯಾಕ್ ಫಂಗಸ್. ಕರಿಬೂಸು ಎನ್ನಲು ಯಾರಿಗೂ ನಾಲಗೆ ಹೊರಳಲಿಲ್ಲ.
— ಹುಬ್ಬಳ್ಳಿ

ಹೊರಳದಿದ್ದದ್ದೇ ಒಳ್ಳೆಯದಾಯಿತು. ಬ್ಲ್ಯಾಕ್ ಫಂಗಸ್ ಎಂದು ಕರೆದ ಮ್ಯೂಕರ್‌ಮೈಕೋಸಿಸ್ ರೋಗ ತರುವ ರೈಜೋಪಸ್ ಶಿಲೀಂಧ್ರದ ಎಳೆಗಳು ಅಂಗಾಂಶದೊಳಗೆ ಕಪ್ಪಗಿರುವುದಿಲ್ಲ, ಬಣ್ಣವೇ ಇರುವುದಿಲ್ಲ. ಅದು ರಕ್ತನಾಳಕ್ಕೆ ನುಗ್ಗಿ ರಕ್ತ ಕಟ್ಟಿಸುತ್ತದೆ. ಆಗ ಮೂಗಿನ, ಅಂಗುಳಿನ ಅಂಗಾಂಶ ಸತ್ತು ಕಪ್ಪಾಗುತ್ತದೆ. ಮೈಯಲ್ಲೇ ಮೆಲನಿನ್ ಎಂಬ ಕಪ್ಪು ಬಣ್ಣದ ವಸ್ತು ಇಟ್ಟುಕೊಂಡ ನಿಜವಾದ ಕಪ್ಪು ಶಿಲೀಂಧ್ರಗಳು ಬೇರೆ ಇವೆ, ಅವು ತರುವ ರೋಗಗಳೂ ಬೇರೆ. ಬ್ಲ್ಯಾಕ್ ಫಂಗಸ್ ಇಂಗ್ಲಿಷಿನಲ್ಲೇ ತಪ್ಪು. ಆ ತಪ್ಪಿಗೆ ಅಚ್ಚಗನ್ನಡ ಹಚ್ಚಿದರೆ ಏನು ಬಂತು?
— ಸೂಕ್ಷ್ಮಜೀವಿಶಾಸ್ತ್ರ

ಜನ ಕಂಡದ್ದನ್ನು ಹೆಸರಾಗಿಸುತ್ತಾರೆ, ಅದು ತಪ್ಪಲ್ಲ. ರೇಷ್ಮೆಹುಳು ಬೆಳ್ಳಗಾಗಿ ಸೆಟೆದುಕೊಂಡರೆ ಬೆಳೆಗಾರರು ಸುಣ್ಣಕಟ್ಟು ಎಂದರು. ಇಟಲಿಯ ಅಗೋಸ್ಟಿನೊ ಬಾಸಿ 1835ರಲ್ಲಿ ಶಿಲೀಂಧ್ರದಿಂದ ಬರುತ್ತದೆ ಎಂದು ತೋರಿಸಿದ್ದು ಅದೇ ರೋಗವನ್ನು, ಪ್ರಾಣಿಯ ರೋಗಕ್ಕೆ ಸೂಕ್ಷ್ಮಜೀವಿ ಕಾರಣ ಎಂದು ಮೊದಲು ರುಜುವಾತಾದದ್ದೂ ಅಲ್ಲೇ. ಜೋಳಕ್ಕೆ ಕಾಡಿಗೆ, ಗೋಧಿಗೆ ಭಂಡಾರ ರೋಗ. ಇವೆಲ್ಲ ಫಂಗಸ್ಸೇ, ಯಾವ ಪಂಡಿತನನ್ನೂ ಕೇಳದೆ ಇಟ್ಟ ಹೆಸರುಗಳು.
— ಹುಬ್ಬಳ್ಳಿ

ಭಂಡಾರ ಸಂಸ್ಕೃತದ ಭಾಂಡಾಗಾರದಿಂದ ಬಂದದ್ದು. ಅಚ್ಚಗನ್ನಡವಲ್ಲ.
— ಗದಗ

ಅರಿಶಿನಪುಡಿ ಎಂಬ ಅರ್ಥ ನಿಮ್ಮ ಭಾಂಡಾಗಾರದಲ್ಲಿ ಎಲ್ಲಿದೆ, ತೋರಿಸಿ. ಅದು ದೇವರಗುಡ್ಡದ ಮಾಲತೇಶನ ಮುಂದೆ ಹಣೆಗೆ ಭಂಡಾರ ಹಚ್ಚಿಕೊಂಡವರು ಕೊಟ್ಟ ಅರ್ಥ. ಗೋಧಿ ಎಲೆಯ ಮೇಲೆ ಅದೇ ಹಳದಿ ಪುಡಿ ಕಂಡು ರೋಗಕ್ಕೆ ಹೆಸರಿಟ್ಟವರೂ ಅವರೇ.
— ಹುಬ್ಬಳ್ಳಿ