ಕ್ಲೋನಿಂಗ್ ಥ್ರಿಲ್ಲರ್: ಡಾಕ್ಟರನ್ನು ಕೇಳಿ

ಅಡ್ಮಿನ್, ರಾಯಚೂರು: ಗುಂಪಿನಲ್ಲಿ ಕೈಯಿಂದ ಕೈಗೆ ಓಡಾಡುತ್ತಿರುವ ಕ್ಲೋನಿಂಗ್ (ಒಂದು ಜೀವಿಯ ಕೋಶದಿಂದ ಅದರ ತದ್ರೂಪು ಹುಟ್ಟಿಸುವುದು) ಥ್ರಿಲ್ಲರ್ ಕಾದಂಬರಿಯನ್ನು ನಮ್ಮ ಪಶುವೈದ್ಯರೂ ಓದಿದ್ದಾರೆ. ಏನಿದ್ದರೂ ಕೇಳಿ.

ಸಿಂಧನೂರು ಅಕ್ಕ: ಸರ್, ಒಂದೇ ರಾತ್ರಿಗೆ ಮುಗಿಸಿದೆ. ಬಸಿರು ಹೊರಲು ಹೆಂಗಸರನ್ನು ಕೂಡಿಹಾಕುವುದು, ಕೆಟ್ಟ ಕೂಸುಗಳನ್ನು ಎಸೆಯುವುದು ಓದಿ ಹೊಟ್ಟೆ ತೊಳಸಿತು. ಆದ್ರೂ ಬಿಡೋಕಾಗಲಿಲ್ಲ. ಒಂಬತ್ತನೇ ಕ್ಲಾಸಿನ ಮಗಳು ಕೇಳುತ್ತಿದ್ದಾಳೆ, ಕೊಡಲಾ?

ಡಾಕ್ಟರ್: ಅಕ್ಕಾ, ಆ ಅಧ್ಯಾಯವೇ ನಿಜಕ್ಕೆ ಹತ್ತಿರ. 1996ರಲ್ಲಿ ಸ್ಕಾಟ್ಲೆಂಡಿನಲ್ಲಿ ಡಾಲಿ ಎಂಬ ಕ್ಲೋನ್ ಕುರಿ ಹುಟ್ಟಿತಲ್ಲ, 277 ಅಂಡಗಳಿಂದ ಶುರು ಮಾಡಿದ್ದರು. ಭ್ರೂಣವಾಗಿದ್ದು 29. ಹುಟ್ಟಿ ಉಳಿದಿದ್ದು ಡಾಲಿ ಒಂದೇ. 2009ರಲ್ಲಿ ಹರಿಯಾಣದ ಕರ್ನಾಲ್‌ನಲ್ಲಿ ಹುಟ್ಟಿದ ಮೊದಲ ಕ್ಲೋನ್ ಎಮ್ಮೆಕರು ವಾರವೂ ಬದುಕಲಿಲ್ಲ. ಕುರಿ, ಎಮ್ಮೆ ಜಾಗದಲ್ಲಿ ಹೆಂಗಸರನ್ನು ಇಟ್ಟು ನೋಡಿ. ಲೇಖಕ ಇದ್ದದ್ದಕ್ಕಿಂತ ಜಾಸ್ತಿ ಏನೂ ಬರೆದಿಲ್ಲ. ಸುಳ್ಳು ಇರುವುದು ನಾವು ಕಣ್ಣೀರು ಹಾಕುವ ಕಡೆ. ಸತ್ತ ಮಗ ಇಪ್ಪತ್ತರ ಹುಡುಗನಾಗಿ, ಹಳೇ ನೆನಪಿನ ಸಮೇತ ಎದ್ದು ಬರುತ್ತಾನೆ! ಕ್ಲೋನ್ ಆದರೂ ಹಸುಗೂಸಾಗಿಯೇ ಹುಟ್ಟಬೇಕು. ನೆನಪು ಜೀನಿನಲ್ಲಿ ಬರುವುದಿಲ್ಲ. 2001ರಲ್ಲಿ ಅಮೆರಿಕದಲ್ಲಿ ಕ್ಲೋನ್ ಮಾಡಿದ ಬೆಕ್ಕಿಗೆ ಮೂಲ ಬೆಕ್ಕಿನ ಬಣ್ಣ ಕೂಡ ಬರಲಿಲ್ಲ. ನಾನಂತೂ ಖುಷಿಯಿಂದ ಎರಡು ಸಲ ಓದಿದೆ. ಮಗಳಿಗೆ ಕೊಡಿ, ಆ ಅಧ್ಯಾಯಕ್ಕೆ ಮಾತ್ರ ಜೊತೆಗೆ ಕೂತುಕೊಳ್ಳಿ.

ಮಾನ್ವಿ ರೈತ: ನನ್ನ ಮುರ್ರಾ ಎಮ್ಮೆ ಕ್ಲೋನ್ ಮಾಡಿಸಲು ಎಷ್ಟಾಗುತ್ತದೆ ಸರ್?

ಡಾಕ್ಟರ್: ಒಳ್ಳೆ ಕೋಣದ ಸೆಮೆನ್ ಕೊಡಿಸಿ, ಸಾಕು.

ಲಿಂಗಸುಗೂರು: ಮನುಷ್ಯರ ಕ್ಲೋನ್ ಆಗಿದೆಯಾ?

ಡಾಕ್ಟರ್: ನಂಬುವಂಥ ಪುರಾವೆ ಇಲ್ಲ. ನಮ್ಮಲ್ಲಿ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ನಿಯಮದಂತೆ ನಿಷೇಧ.

ನಿವೃತ್ತ ಮೇಷ್ಟ್ರು: ಇಂಥ ಹೊಲಸು ಮಕ್ಕಳಿಗೆ ಯಾಕೆ? ರಕ್ತಬೀಜಾಸುರನೇ ಮೊದಲ ಕ್ಲೋನ್. ನಮ್ಮಲ್ಲಿ ಎಲ್ಲಾ ಇತ್ತು.

ಕಾಲೇಜು ಹುಡುಗ: ದಸರೆಗೆ ಗುಡಿಯಲ್ಲಿ ಪುರಾಣ ಹಚ್ಚಿಸುತ್ತೀರಲ್ಲ ಸರ್, ದೇವಿ ಅವನ ರಕ್ತ ಕುಡಿಯುವಾಗ ಮಕ್ಕಳನ್ನು ಹೊರಗೆ ಕಳಿಸುತ್ತೀರಾ?

ಮೇಷ್ಟ್ರು: ಅದು ಭಕ್ತಿ. ಹಿರಿಯರ ಜೊತೆ ಮಾತಾಡೋದು ಕಲಿ.

ಹುಡುಗ: ರಕ್ತ ರಕ್ತವೇ.

ದೇವದುರ್ಗ: *ಫಾರ್ವರ್ಡ್* ಮಂಡಿನೋವಿಗೆ ಸ್ಟೆಮ್ ಸೆಲ್ ಇಂಜೆಕ್ಷನ್! ನಿಮ್ಮದೇ ಕ್ಲೋನ್ ಕೋಶ, ಶಾಶ್ವತ ಪರಿಹಾರ!

ಡಾಕ್ಟರ್: ಅಳಿಸಿ. ಕ್ಲೋನೂ ಅಲ್ಲ, ಪರಿಹಾರವೂ ಅಲ್ಲ. ಸ್ಟೆಮ್ ಸೆಲ್ ಅಂದರೆ ಬೇರೆ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ. ಆ ಚಿಕಿತ್ಸೆ ಪಕ್ಕಾ ಆಗಿರುವುದು ಹೆಚ್ಚಾಗಿ ಕೆಲವು ರಕ್ತದ ಕಾಯಿಲೆಗೆ. ಮಂಡಿಗೆ ದುಡ್ಡು ಕಟ್ಟಿ ಬಂದು ನನ್ನ ಹತ್ತಿರ ಅಳಬೇಡಿ. ನಾನು ದನದ ಡಾಕ್ಟರ್.

ಮಸ್ಕಿ: ಸರ್, ತದ್ರೂಪಿ ಅವಳಿಗಳೂ ಕ್ಲೋನ್ ಅಲ್ವಾ?

ಲಿಂಗಸುಗೂರು: ಚೀನಾದವರು ಗುಟ್ಟಾಗಿ ಮನುಷ್ಯರನ್ನು ಮಾಡಿದ್ದಾರಂತೆ?

ಡಾಕ್ಟರ್: ಮೇಲೆ ಓದಿ. 2018ರಲ್ಲಿ ಅವರು ಪ್ರಕಟಿಸಿದ್ದು ಮಂಗದ ಕ್ಲೋನ್.

ಮೇಷ್ಟ್ರು: ಈ ಹುಡುಗನನ್ನು ತೆಗೆಯಿರಿ ಅಡ್ಮಿನ್.

ಅಡ್ಮಿನ್: ಇಬ್ಬರೂ ಸುಮ್ನಿರಿ. ಪುಸ್ತಕ ಈಗ ಯಾರ ಹತ್ತಿರ ಇದೆ?

ಮೇಷ್ಟ್ರು: ನನ್ನ ಹತ್ತಿರ. ಇನ್ನೂ ನಲವತ್ತು ಪುಟ ಇದೆ.